ಬೆವರು ಆರುವವರೆಗೆ ನೀರಿಲ್ಲ

ಮೊನ್ನೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಹಳೆಯ ಕನ್ನಡಕ ತೋರಿಸಿ ಎಂದರು. ಕೈಚೀಲದೊಳಗೆ ಕೈ ಹಾಕಿ ತಡಕಾಡಿದೆ. ಕನ್ನಡಕಕ್ಕಿಂತ ಮೊದಲು ಒಂದು ಉಳ್ಳಾಗಡ್ಡಿ ಹೊರಗೆ ಬಂತು. ಬಂದದ್ದು ಸುಮ್ಮನಿರದೆ ಮೇಜಿನ ಮೇಲೆ ಉರುಳಿ, ನೆಲಕ್ಕೆ ಬಿದ್ದು, ಡಾಕ್ಟರರ ಬೂಟಿನ ಹತ್ತಿರ ಹೋಗಿ ನಿಂತಿತು. ಅವರು ಎಳೆಯ ವಯಸ್ಸಿನವರು. ಬಗ್ಗಿ ಎತ್ತಿಕೊಂಡು, ತಿರುಗಿಸಿ ನೋಡಿ, "ಅಮ್ಮಾ, ಇದನ್ನ ಯಾವ ಕಣ್ಣಿಗೆ ಹಾಕ್ಕೋತೀರಿ?" ಎಂದು ಕೇಳಿದರು. ಬಾಗಿಲ ಬಳಿ ಸಾಲಿನಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಉಳ್ಳಾಗಡ್ಡಿಯನ್ನು ಮಾತ್ರ ಕೇಳಿ ವಾಪಸು ಪಡೆದೆ.

ನಗುವ ಮಾತೇ ಬಿಡಿ. ಮೂವತ್ತು ಚಿಲ್ಲರೆ ವರ್ಷ ಸರಕಾರಿ ನರ್ಸ್ ಆಗಿ ದುಡಿದವಳು ನಾನು. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡ ಮಾತ್ರಕ್ಕೆ ಬಿಸಿಲು ಬಡಿಯುವುದು ತಪ್ಪುವುದಿಲ್ಲ, ನೆರಳು ಬೇಕು, ನೀರು ಬೇಕು ಎಂದು ಊರೂರು ತಿರುಗಿ ಗಂಟಲು ಹರಿದುಕೊಂಡವಳು. ಹಾಗೆ ಹೇಳುವಾಗಲೂ ನನ್ನ ಚೀಲದಲ್ಲಿ ಒಂದು ಇರುತ್ತಿತ್ತು. ಈಗ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಹೋಳಿ ಹುಣ್ಣಿಮೆ ಮುಗಿಯಿತೆಂದರೆ ಕೈ ತಾನಾಗಿ ಉಳ್ಳಾಗಡ್ಡಿ ಬುಟ್ಟಿಗೆ ಹೋಗುತ್ತದೆ. ಬುದ್ಧಿ ಬೇಡ ಅನ್ನುತ್ತದೆ, ಕೈ ಕೇಳುವುದಿಲ್ಲ. ಅದು ನಮ್ಮವ್ವ ತಿದ್ದಿದ ಕೈ.

ನಮ್ಮ ಕಡೆಯ ಬಿಸಿಲನ್ನು ನೀವು ಕಂಡಿಲ್ಲದಿದ್ದರೆ ಹೇಳಿ ತಿಳಿಸುವುದು ಕಷ್ಟ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕು ತಾಲೂಕಿನವರು ಒಂದು ಬಸ್ಸಿನಲ್ಲಿ ಕೂಡಿದರೆ ನಮ್ಮೂರ ಬಿಸಿಲೇ ಹೆಚ್ಚು ಎಂದು ವಾದಕ್ಕೆ ಬೀಳುತ್ತಾರೆ. ಬೇರೆ ಯಾವುದರಲ್ಲೂ ಹೆಚ್ಚುಗಾರಿಕೆ ಹೇಳಿಕೊಳ್ಳದ ಜನ ಇದೊಂದರಲ್ಲಿ ಸೋಲಲು ಒಪ್ಪುವುದಿಲ್ಲ. ಒಮ್ಮೆ ಮುದ್ದೇಬಿಹಾಳದ ಮುದುಕರೊಬ್ಬರು, "ನಿಮ್ಮ ಸಿಂದಗ್ಯಾಗ ಬಿಸಲ ಐತಿ, ಇಲ್ಲಂತ ಅನ್ನೂದಿಲ್ಲ. ಆದ್ರ ನಮ್ಮಲ್ಲಿ ಕಾಗಿ ಸುದ್ದಾ ಒಂದ ಕಾಲ ಎತ್ತಿ ನಿಂದರತಾವು" ಎಂದರು. ಪಕ್ಕದಲ್ಲಿದ್ದ ಸಿಂದಗಿಯವನು, "ನಮ್ಮಲ್ಲಿ ಕಾಗಿ ನೆಲಕ್ಕ ಇಳಿಯೂದ ಇಲ್ರಿ" ಎಂದು ಮಾತು ಮುಗಿಸಿದ. ಮುದುಕರು ತಾಳಿಕೋಟಿ ಬರುವವರೆಗೂ ಉತ್ತರ ಹುಡುಕುತ್ತಾ ಕೂತಿದ್ದರು.

ನಮ್ಮೂರು ಸಿಂದಗಿ ತಾಲೂಕಿನ ಕನ್ನೊಳ್ಳಿ. ಮಣ್ಣಿನ ಮಾಳಿಗೆಯ ಮನೆ, ಎರಡು ಮೊಳ ದಪ್ಪದ ಗೋಡೆ. ಒಳಗೆ ಹಗಲಲ್ಲೂ ಕತ್ತಲು, ಆ ಕತ್ತಲೆಯೇ ತಂಪು. ಆ ತಂಪಿಗೆ ಅವ್ವ ಯಜಮಾನಿ. ಹನ್ನೆರಡು ಹೊಡೆಯಿತೆಂದರೆ ನನ್ನನ್ನೂ ಅಣ್ಣನನ್ನೂ ಒಳಗೆ ಕೂಡಿ, ತಾನು ಹೊಸ್ತಿಲಿಗೆ ಅಡ್ಡವಾಗಿ ಮಲಗುತ್ತಿದ್ದಳು. ನಾಲ್ಕು ಗಂಟೆಯವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ನಮಗೋ ಹುಣಸೆಗಿಡದ ಚಿಂತೆ. ಅವಳ ಕಣ್ಣು ಮುಚ್ಚಿರುತ್ತಿತ್ತು, ಗೊರಕೆಯೂ ಸರಿಯಾಗಿ ಬರುತ್ತಿತ್ತು. ಉಸಿರು ಬಿಗಿಹಿಡಿದು ಒಂದು ಕಾಲು ಎತ್ತಿ ದಾಟಬೇಕು ಅನ್ನುವಷ್ಟರಲ್ಲಿ ಇನ್ನೊಂದು ಕಾಲನ್ನು ಗಪ್ಪನೆ ಹಿಡಿಯುತ್ತಿದ್ದಳು. ಗೊರಕೆ ಮಾತ್ರ ನಿಲ್ಲುತ್ತಿರಲಿಲ್ಲ. ಅವಳು ಖರೇ ಮಲಗುತ್ತಿದ್ದಳೋ ಇಲ್ಲವೋ ಅನ್ನುವುದು ನನಗೂ ಅಣ್ಣನಿಗೂ ಇವತ್ತಿನವರೆಗೂ ಬಗೆಹರಿದಿಲ್ಲ.

ಬೇಸಿಗೆಯಲ್ಲಿ ನಮ್ಮ ಊಟ ತಿಂಡಿ ಎಲ್ಲ ಅವಳ ಕಾನೂನಿನಂತೆ. ಬೆಳಿಗ್ಗೆ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಜೊತೆಗೊಂದು ಹಸಿ ಉಳ್ಳಾಗಡ್ಡಿ. ಅದನ್ನು ಗುದ್ದಿ ಒಡೆಯಬೇಕು, ಈಳಿಗೆಯಲ್ಲಿ ಹೆಚ್ಚಿದರೆ ತಂಪು ಹೋಗುತ್ತದಂತೆ. ತಲೆಗೂ ಅಂಗಾಲಿಗೂ ಔಡಲೆಣ್ಣೆ. ಸಿಂದಗಿಯ ಹೈಸ್ಕೂಲಿಗೆ ಹೋಗುವಾಗ ಆ ಎಣ್ಣೆ ಹಣೆಯ ಮೇಲಿಳಿದು, ಕಿವಿಯ ಹಿಂದೆ ಹರಿದು, ಪಾಟಿಚೀಲಕ್ಕೂ ಹತ್ತಿ, ಗೆಳತಿಯರು ನನ್ನಿಂದ ಮಾರು ದೂರ ಕೂರುತ್ತಿದ್ದರು. ನನ್ನ ಗಣಿತದ ಪುಸ್ತಕದ ಹಾಳೆಗಳು ಬೆಳಕಿಗೆ ಹಿಡಿದರೆ ಆಚೆಯ ಲೆಕ್ಕ ಈಚೆಗೆ ಕಾಣುವಷ್ಟು ಪಾರದರ್ಶಕವಾಗಿದ್ದವು. ಗಣಿತದಲ್ಲಿ ನಾನು ಹಿಂದೆ ಬಿದ್ದದ್ದಕ್ಕೆ ಇದೇ ಕಾರಣವೆಂದು ಆಗ ಎಲ್ಲರಿಗೂ ಹೇಳುತ್ತಿದ್ದೆ.

ಇವೆಲ್ಲ ಸಣ್ಣ ಕಾನೂನುಗಳು. ದೊಡ್ಡ ಕಾನೂನು ಒಂದೇ. ಬಿಸಿಲಿನಿಂದ ಬಂದವರು ಯಾರೇ ಆಗಲಿ, ಬೆವರು ಆರುವವರೆಗೆ ನೀರಿಲ್ಲ. ಮೊದಲು ನೆರಳಿಗೆ ಕೂರಬೇಕು. ಕಾಲು ತೊಳೆಯಬೇಕು. ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳಬೇಕು. ಅವ್ವ ಬಂದು ಹಣೆ ಮುಟ್ಟಿ ನೋಡಿ, ಒಣಗಿದೆ ಅನ್ನಿಸಿದರೆ ಮಾತ್ರ ನೀರಿನ ಹರವಿಯ ಮುಚ್ಚಳ ತೆಗೆಯುವುದು. ಒಮ್ಮೆ ಯಾವುದೋ ಪಂಚನಾಮೆಗೆ ಬಂದ ಪೊಲೀಸನೊಬ್ಬ ಬಾಯಾರಿ ನೀರು ಕೇಳಿದ. ಅವ್ವ, "ಟೊಪಗಿ ತಗಿ, ಕುಂಡರು, ಬೆವರ ಆರಲಿ" ಎಂದಳು. ಅವನು ಮೀಸೆ ತಿರುವಿದ. ಅವ್ವ ಹರವಿಯ ಮುಂದೆ ಕೂತಳು. ಕೊನೆಗೆ ಟೊಪ್ಪಿಗೆ ತೆಗೆದದ್ದು ಅವನೇ.

ಈ ಕಾನೂನಿನ ಹಿಂದೆ ಒಂದು ಸಾವಿತ್ತು. ಅವ್ವ ಹನ್ನೊಂದರ ಹುಡುಗಿಯಾಗಿದ್ದಾಗ ಅವಳ ಅಣ್ಣ ಬೇಸಿಗೆಯ ಮಧ್ಯಾಹ್ನ ಹೊಲದಿಂದ ತೂರಾಡುತ್ತ ಬಂದು ನೀರು ಕೇಳಿದನಂತೆ. ಓಡಿಹೋಗಿ ತಂಬಿಗೆ ತುಂಬ ತಂದುಕೊಟ್ಟವಳು ಇವಳೇ. ಗಟಗಟ ಕುಡಿದ, ಅಲ್ಲೇ ಬಿದ್ದ, ಏಳಲಿಲ್ಲ. ಕಾದ ಮೈಗೆ ತಣ್ಣೀರು ಬಿದ್ದು ಹೀಗಾಯಿತು ಎಂದು ಹಿರಿಯರು ಅಂದರು. ಅವ್ವ ಇದನ್ನು ಹೇಳುವಾಗ ಅಳುತ್ತಿರಲಿಲ್ಲ. "ನಾನ ಕೊಟ್ಟೆ" ಎಂದು ಒಂದೇ ಮಾತು ಅಂದು ಎದ್ದು ಹೋಗುತ್ತಿದ್ದಳು. ಅದಕ್ಕೇ ಆ ಕಾನೂನನ್ನು ಮೀರುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆಮೇಲೆ ನಾನು ಬಿಜಾಪುರದಲ್ಲಿ ನರ್ಸ್ ತರಬೇತಿಗೆ ಸೇರಿದೆ. ಅಲ್ಲಿ ಕಲಿಸಿದ್ದು ಪೂರಾ ಉಲ್ಟಾ. ಬಿಸಿಲಿನಿಂದ ಬಂದವರಿಗೆ ತಡಮಾಡದೆ ನೀರು ಕೊಡಿ, ಸ್ವಲ್ಪ ಸ್ವಲ್ಪವಾಗಿ ಕೊಡಿ, ಉಪ್ಪು ಸಕ್ಕರೆ ಬೆರೆಸಿದರೆ ಇನ್ನೂ ಒಳ್ಳೆಯದು. ರಜೆಗೆ ಬಂದವಳು ಜಂಬದಿಂದ ಇದನ್ನು ಅವ್ವನ ಮುಂದೆ ಒಪ್ಪಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನಿಮ್ಮ ದೊಡ್ಡ ನರ್ಸಬಾಯಿ ಯಾವೂರಾಕಿ?" ಎಂದಳು. ಮಂಗಳೂರಿನವರು ಎಂದೆ. "ಹಂಗಂದ್ರ ಆಕೀಗಿ ಬಿಸಲ ಎಲ್ಲಿ ಗೊತ್ತಿರತೈತಿ" ಎಂದು ರೊಟ್ಟಿ ತಿರುವಿ ಹಾಕಿದಳು.

ತರಬೇತಿ ಮುಗಿದ ಮೇಲೆ ಇಂಡಿ ತಾಲೂಕಿನ ಒಂದು ಹಳ್ಳಿಯ ಸಬ್ ಸೆಂಟರಿಗೆ ಹಾಕಿದರು. ಒಂದು ಕೋಣೆ, ಒಂದು ಬೆಂಚು, ಕಪಾಟಿಗೆ ಬೀಗ, ಬೀಗಕ್ಕೆ ಕೀಲಿಕೈ ಇಲ್ಲ. ಮೊದಲ ತಿಂಗಳು ಯಾರೂ ಬರಲಿಲ್ಲ. ಎರಡನೆಯ ತಿಂಗಳು ಒಬ್ಬಳಿಗೆ ಹೆರಿಗೆ ಮಾಡಿಸಿದೆ. ಮೂರನೆಯ ತಿಂಗಳಿಂದ ಊಟ ಮಾಡಲು ಪುರುಸೊತ್ತಿಲ್ಲ. ನಿಂಬೆ ತೋಟಗಳ ಊರು. ಹುಷಾರಾದವರು ಸೆರಗಿನಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಬಂದು ಬೆಂಚಿನ ಮೇಲೆ ಸುರಿದು ಹೋಗುತ್ತಿದ್ದರು. ಇಪ್ಪತ್ಮೂರು ವರ್ಷದ ಹುಡುಗಿಯನ್ನು ಮುದುಕರೂ "ನರ್ಸಬಾಯಾರ" ಎಂದು ಕರೆಯುತ್ತಿದ್ದರು. ನನಗೆ ಆ ಕೆಲಸ ಅಂದರೆ ಪ್ರಾಣವಾಗಿತ್ತು. ಸುಳ್ಳು ಯಾಕೆ ಹೇಳಲಿ, ಆ ಗೌರವ ಅಂದರೂ ಪ್ರಾಣವೇ.

ಆದರೆ ಮದುವೆಯೂ ಬೇಕಾಗಿತ್ತು. ದೊಡ್ಡ ಮಾತಾಡಿ ಬೇಡವಾಗಿತ್ತು ಅನ್ನುವವಳಲ್ಲ ನಾನು. ಮನೆ ಬೇಕು, ಮಕ್ಕಳು ಬೇಕು, ಸಂಜೆ ಜಗಳವಾಡಲು ಒಬ್ಬ ಗಂಡ ಬೇಕು ಎಂದು ಚೆನ್ನಾಗಿಯೇ ಅನ್ನಿಸುತ್ತಿತ್ತು. ಆಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಮೂರು ಕಡೆಯವರು ಬಂದು ನೋಡಿ ಹೋಗಿದ್ದರು. ಮೂವರದೂ ಒಂದೇ ಮಾತು. ಹುಡುಗಿ ಅಡ್ಡಿ ಇಲ್ಲ, ನೌಕರಿ ಬಿಡಬೇಕು. ಕರೆದವರ ಮನೆಗೆಲ್ಲ ಹೋಗುತ್ತಾಳೆ, ಯಾರ್ಯಾರದೋ ಮೈ ಮುಟ್ಟುತ್ತಾಳೆ, ಹೊತ್ತು ಗೊತ್ತು ಇಲ್ಲ. ಮೂರು ಸಲವೂ ನಾನು ಬಿಡುವುದಿಲ್ಲ ಅಂದೆ. ಮೂರು ಸಲವೂ ಅವ್ವ ವಾರಗಟ್ಟಲೆ ನನ್ನೊಂದಿಗೆ ಮಾತು ಬಿಟ್ಟಳು.

ನಾಲ್ಕನೆಯ ಸಂಬಂಧ ತಂದವನು ಚನ್ನಪ್ಪ ಕಾಕಾ. ಅಪ್ಪನ ದಾಯಾದಿ, ಮದುವೆ ಕುದುರಿಸುವುದರಲ್ಲಿ ಎತ್ತಿದ ಕೈ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಗಾದೆಯನ್ನು ಅವನು ಅಕ್ಷರಶಃ ಪಾಲಿಸುತ್ತಿದ್ದ. ಹುಡುಗ ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರ. ತಾಯಿ ಇಲ್ಲ. ತಂದೆ ಮಲ್ಲಪ್ಪನವರು, ಮನೆಯಲ್ಲಿ ಅವರ ಅಕ್ಕ ಗಂಗವ್ವನದೇ ಕಾರುಬಾರು. "ಆ ಗಂಗವ್ವ ಭಾಳ ಖಡಕ್ ಅದಾಳ. ನರ್ಸಬಾಯಿ ಅಂದ್ರ ಹೊಸ್ತಿಲಾ ದಾಟಾಂಗಿಲ್ಲ. ಹುಡುಗಿ ಮನ್ಯಾಗ ಇರತಾಳ, ಕಸೂತಿ ಹಾಕತಾಳ ಅಂತ ಹೇಳೇನಿ" ಎಂದ ಕಾಕಾ.

ನನಗೆ ಗುಂಡಿ ಹಚ್ಚಲೂ ಬಾರದು. ನಾನು ಹೊಲಿದದ್ದೇನಿದ್ದರೂ ಕುಡುಗೋಲು ತಗುಲಿದವರ ಕೈಕಾಲು. ಅವ್ವನಿಗೆ ಇದನ್ನು ಹೇಳಿದರೆ, "ಮದಿವಿ ಆಗಲಿ, ಆಮ್ಯಾಲ ಕಲೀತಿ" ಎಂದಳು. ನೆರೆಮನೆಯಿಂದ ಕಸೂತಿ ಹಾಕಿದ ಎರಡು ದಿಂಬಿನ ಗೌಸು ಬಂದವು. ನನ್ನ ನರ್ಸ್ ಚೀಲ ಜೋಳ ತುಂಬಿಡುವ ಮಣ್ಣಿನ ವಾಡೆಯೊಳಗೆ ಹೋಯಿತು. ಮೇಲೆ ಅವ್ವ ಎರಡು ಸೇರು ಜೋಳ ಸುರಿದಳು. ಮದುವೆಯಾದ ಮೇಲೆ ನಿಧಾನಕ್ಕೆ ನೌಕರಿಯ ಸುದ್ದಿ ಹೇಳಬಹುದು ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅದು ಆಗದ ಮಾತೆಂದು ಒಳಗೆ ಗೊತ್ತಿತ್ತು, ಆದರೂ ಸುಮ್ಮನಿದ್ದೆ.

ರಜೆ ಹಾಕಿ ಊರಿಗೆ ಬಂದಿದ್ದ ನನ್ನನ್ನು ನೋಡಲು ಬೆಳಿಗ್ಗೆ ಹತ್ತಕ್ಕೆ ಬರಬೇಕಾದವರು ಬಂದದ್ದು ಒಂದೂವರೆಗೆ. ಸಿಂದಗಿಯಿಂದ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಕಾಯಲು ಮರವಿಲ್ಲದ ಜಾಗ. ಎರಡು ಮೈಲಿ ನಡೆದೇ ಬಂದಿದ್ದರು, ಅದೂ ಮೇ ತಿಂಗಳಲ್ಲಿ. ಮುಂದೆ ಮಲ್ಲಪ್ಪನವರು. ಮೈಮೇಲೆ ಕತ್ತಿನವರೆಗೆ ಗುಂಡಿ ಹಾಕಿದ ಕರಿ ಉಣ್ಣೆ ಕೋಟು, ತಲೆಗೆ ಬಿಗಿದ ಕೆಂಪು ರುಮಾಲು. ಬೀಗರ ಮನೆಗೆ ಕೋಟಿಲ್ಲದೆ ಹೋಗುವುದುಂಟೇ. ಹಿಂದೆ ಕೊಡೆ ಹಿಡಿದ ಗಂಗವ್ವ, ಅವರ ಹಿಂದೆ ಮಾಸ್ತರ.

ಪಡಸಾಲೆಯಲ್ಲಿ ಕೂತ ಕೂಡಲೇ ಗಂಗವ್ವ, "ಮೊದಲ ಒಂದ ತಂಬಿಗಿ ನೀರ ಕೊಡ್ರಿ" ಎಂದರು.

"ಕೊಡತೇನ್ರಿ ಯವ್ವಾ. ಬೆವರ ಆರಲಿ" ಎಂದು ಅವ್ವ ಬೆಲ್ಲದ ತಟ್ಟೆ ಮುಂದಿಟ್ಟಳು.

"ನೀರ ಕೇಳಿದ್ರ ಬೆಲ್ಲ ಕೊಡೂದು ನಿಮ್ಮೂರ ಪದ್ಧತಿ ಏನು?" ಎಂದರು ಗಂಗವ್ವ. ಚನ್ನಪ್ಪ ಕಾಕಾ ನಡುವೆ ಬಾಯಿ ಹಾಕಿ, ಕನ್ನೊಳ್ಳಿಯ ಬೆಲ್ಲದ ಗುಣಗಾನ ಶುರುಮಾಡಿದ. ಯಾರೂ ಕೇಳಲಿಲ್ಲ. ಮಾಸ್ತರ ಮಾತ್ರ ಒಂದು ಚೂರು ಬಾಯಿಗೆ ಹಾಕಿಕೊಂಡ, ಪಾಪ.

ನಾನು ನಡುಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಹುಡುಗನನ್ನು ನೋಡಲೆಂದೇ ನಿಂತಿದ್ದೆ, ಮುಚ್ಚಿಡುವುದೇನು. ಎತ್ತರದ ಆಳು, ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ಗಂಗವ್ವನ ಮುಖದಲ್ಲೂ ಬೆವರು ಹರಿಯುತ್ತಿತ್ತು. ನಡುವೆ ಕೂತ ಮಲ್ಲಪ್ಪನವರ ಮುಖ ಮಾತ್ರ ಒಣಗಿತ್ತು. ಕೆಂಪಗೆ ಕಾದು, ಒಂದು ಹನಿಯೂ ಇಲ್ಲದೆ ಒಣಗಿತ್ತು. ಅವ್ವ ಅವರ ಹಣೆಯ ಹತ್ತಿರ ಬಗ್ಗಿ ನೋಡಿ ಸಂತೋಷಪಟ್ಟಳು. "ನೋಡ್ರಿ, ಅಣ್ಣಾರದು ಬೆವರ ಆಗಲೇ ಆರೇತಿ. ಇವರಿಗೆ ಮೊದಲ ಕೊಡತೇನಿ" ಎಂದು ಹರವಿಯ ಕಡೆ ಹೊರಟಳು.

ಅಂಥ ಬಿಸಿಲಲ್ಲಿ ಎರಡು ಮೈಲಿ ನಡೆದು ಬಂದವರ ಹಣೆ ಅಷ್ಟು ಬೇಗ ಒಣಗುವುದು ಒಳ್ಳೆಯ ಲಕ್ಷಣವಲ್ಲ. ಬೆವರು ಆರಿದ್ದಲ್ಲ ಅದು, ಬರುವುದೇ ನಿಂತದ್ದು. ಅಷ್ಟರಲ್ಲಿ ಮಲ್ಲಪ್ಪನವರು ಅಪ್ಪನ ಕಡೆ ತಿರುಗಿ, "ಆ ಬಿಳಿ ಎತ್ತನ್ನ ಕಟ್ಟಿದ್ರೇನು?" ಎಂದರು. ಅಪ್ಪನಿಗೆ ಗೊತ್ತಾಗಲಿಲ್ಲ. ಮಾಸ್ತರ ಗಾಬರಿಯಾಗಿ, "ಯಪ್ಪಾ, ಅದ ಸತ್ತು ಆರ ವರ್ಷಾತಲ್ಲ" ಎಂದ. ಅವರು ಏನೋ ಹೇಳಲು ಹೋಗಿ, ಹಾಗೆಯೇ ಕಂಬಕ್ಕೆ ವಾಲಿದರು.

ಒಂದು ಗಳಿಗೆ ನಾನು ಅಲ್ಲಾಡಲಿಲ್ಲ. ಹೊರಗೆ ಹೋದರೆ ಈ ಸಂಬಂಧವೂ ಹೋಯಿತು. ಹೋಗದಿದ್ದರೆ ಆ ಮನುಷ್ಯ ಹೋಗುತ್ತಾನೆ. ನೀವು ಕೇಳಬಹುದು, ಇದರಲ್ಲಿ ಯೋಚಿಸುವುದೇನಿತ್ತು ಎಂದು. ಏನೂ ಇರಲಿಲ್ಲ. ಆದರೂ ಒಂದು ಗಳಿಗೆ ಯೋಚಿಸಿದೆ. ಆ ಗಳಿಗೆಗಾಗಿ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಆಮೇಲೆ ನಡೆದದ್ದನ್ನು ಊರವರು ವರ್ಷಗಟ್ಟಲೆ ಹೇಳಿ ನಕ್ಕರು. ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಕೆಳಗೆ ಹಾಕಿ, ತಟ್ಟೆ ಹಿಡಿದು ಬರಬೇಕಾದ ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿಬಂದು, ನೋಡಲು ಬಂದ ಬೀಗರ ರುಮಾಲು ಕಿತ್ತು ಒಗೆದಳು. "ಅವ್ವಾ, ಬಾಯಿಗೆ ಈಗ ನೀರ ಬ್ಯಾಡ, ಎಚ್ಚರಿಲ್ಲ. ಮೈಮ್ಯಾಲ ಹಾಕೂನು. ಹರವಿ ಎತ್ತು" ಎಂದೆ. ಅವ್ವ ಕಲ್ಲಾಗಿ ನಿಂತಳು. ಕಾದ ಮೈಗೆ ತಣ್ಣೀರು. ಅವಳ ಇಡೀ ಜನ್ಮದ ಭಯ ಅದು. ಹರವಿ ಎತ್ತಿದವನು ಮಾಸ್ತರ. ಇಬ್ಬರೂ ಸೇರಿ ಅವರನ್ನು ನಡುಮನೆಯ ತಂಪಿಗೆ ಎಳೆದೆವು. ಕೋಟಿನ ಗುಂಡಿ ಬಿಚ್ಚಲು ಬರದೆ ಎರಡನ್ನು ಹರಿದೇ ಹಾಕಿದೆ. ಧೋತರ ತೋಯಿಸಿ ಹೊದಿಸಿ, ಕಂಕುಳಿಗೆ, ಕತ್ತಿಗೆ ಒದ್ದೆ ಬಟ್ಟೆ ಇಟ್ಟೆ.

"ನೀವು, ಬೀಸ್ರಿ. ಕೈ ನಿಲ್ಲಬಾರ್ದು" ಎಂದು ಮಾಸ್ತರನ ಕೈಗೆ ಬೀಸಣಿಕೆ ಕೊಟ್ಟೆ. ಅವನು ಬೀಸತೊಡಗಿದ. ಅಣ್ಣನನ್ನು ಸೈಕಲ್ ಮೇಲೆ ಸಿಂದಗಿಯ ಡಾಕ್ಟರರ ಕಡೆ ಓಡಿಸಿದೆ. ಜ್ವರದ ಕಡ್ಡಿ ಬೇಕಿತ್ತು. ಎಲ್ಲರೂ ನೋಡುತ್ತಿದ್ದಂತೆಯೇ ಜೋಳದ ವಾಡೆಗೆ ಭುಜದವರೆಗೆ ಕೈ ಹಾಕಿ ನನ್ನ ಚೀಲ ಎಳೆದೆ. ಅದರ ಜೊತೆ ಅರ್ಧ ಸೇರು ಜೋಳ ನೆಲಕ್ಕೆ ಸುರಿಯಿತು. ಚನ್ನಪ್ಪ ಕಾಕಾ ಮೆಲ್ಲಗೆ ಎದ್ದು ಎಮ್ಮೆಗೆ ನೀರು ಕುಡಿಸುವ ನೆಪ ಮಾಡಿ ಹಿತ್ತಲಿಗೆ ಹೋದ. ನಮ್ಮ ಎಮ್ಮೆ ಆಗ ಹೊಲದಲ್ಲಿತ್ತು.

ಮನೆಯ ನೀರು ಮುಗಿಯಿತು. ನೆರೆಮನೆಯ ನೀರು ಬಂತು. ಎಷ್ಟು ಹೊತ್ತಾಯಿತೋ, ಮಲ್ಲಪ್ಪನವರು ಕಣ್ಣು ಬಿಟ್ಟು ಮಾಳಿಗೆಯ ತೊಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ನನ್ನ ರುಮಾಲ ಎಲ್ಲಿ?" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ರುಮಾಲು ಕೇಳುವ ಮನುಷ್ಯ ಬದುಕುತ್ತಾನೆ.

ನಿಂಬೆ ಹಿಂಡಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಅವರು ಮುಖ ಸಿಂಡರಿಸಿ ಲೋಟ ದೂಡಿದರು. "ನಮ್ಮ ಸಂಬಂಧಾ ಕೂಡಲಿ ಬಿಡಲಿ, ಈ ಗ್ಲಾಸ ಖಾಲಿ ಆಗಬೇಕ್ರಿ" ಎಂದೆ. ಕುಡಿದರು. ಸಂಜೆ ಮೋಟರ್ ಸೈಕಲ್ ಮೇಲೆ ಬಂದ ಡಾಕ್ಟರರು ನೋಡಿ, ಮಾಡಬೇಕಾದ್ದನ್ನೆಲ್ಲ ಮಾಡಿಯಾಗಿದೆ, ಇನ್ನೆರಡು ದಿನ ಬಿಸಿಲಿಗೆ ಬಿಡಬೇಡಿ ಎಂದು ಹೇಳಿ ಹೋದರು.

ಗಂಗವ್ವ ಗೋಡೆಗೊರಗಿ ಕೂತಿದ್ದರು. ಈಗ ಕೇಳಿದರು. "ಕಸೂತಿ ಹಾಕತಿ ಅಂದಿದ್ರು?"

"ಇಲ್ರಿ. ನಾ ನರ್ಸ ಅದೇನಿ. ಇಂಡಿ ಕಡಿ ಹಳ್ಳ್ಯಾಗ."

"ಹೆರಿಗಿ ಮಾಡಸ್ತಿ?"

"ಮಾಡಸ್ತೇನ್ರಿ."

"ಎಲ್ಲಾರ ಮನೀಗೂ ಹೋಗತಿ?"

"ಕರದವರ ಮನಿಗೆಲ್ಲಾ ಹೋಗತೇನ್ರಿ."

ಅಪ್ಪ ಗಂಟಲು ಸರಿಮಾಡಿಕೊಂಡು, "ಮದಿವಿ ಆದಮ್ಯಾಲ ಬಿಡತಾಳ್ರಿ" ಎಂದ. ನಾನು, "ಬಿಡೂದಿಲ್ರಿ" ಎಂದೆ. ಗಂಗವ್ವ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮೂರನೆಯ ದಿನ ಬೆಳಕು ಹರಿಯುವ ಮೊದಲು ಚಕ್ಕಡಿ ಹೂಡಿಸಿಕೊಂಡು ಹೊರಟರು. ಕೋಟು ಗಂಟಿನೊಳಗಿತ್ತು. ಮಾಸ್ತರ ಹತ್ತುವ ಮೊದಲು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ನನ್ನ ಹತ್ತಿರ ಬಂದ. "ಒಂದ ತಂಬಿಗಿ ನೀರಿಗೆ ಸಕ್ಕರಿ ಎಷ್ಟು, ಉಪ್ಪ ಎಷ್ಟಂದ್ರಿ?" ಎಂದು ಕೇಳಿದ. ಸಕ್ಕರೆ ಒಂದು ಮುಷ್ಟಿ, ಉಪ್ಪು ಮೂರು ಬೆರಳಿನ ಚಿಟಿಕೆ ಎಂದೆ. "ಸಾಲ್ಯಾಗ ಹುಡುಗರಿಗೆ ಹೇಳಾಕ ಬೇಕಾಗಿತ್ತು" ಎಂದು ಬರೆದುಕೊಂಡ. ಅವನು ನನ್ನ ಮನಸ್ಸಿಗೆ ಬಂದದ್ದು ಆಗಲೇ. ಬಂದು ಏನು ಪ್ರಯೋಜನ, ಗಾಡಿ ಹೊರಟಿತ್ತು.

ಅವ್ವ ಈ ಸಲವೂ ಮಾತು ಬಿಡುತ್ತಾಳೆ ಎಂದುಕೊಂಡಿದ್ದೆ. ಆ ದಿನ ಜೋಳ ಆರಿಸುತ್ತ ಕೂತವಳು ತಲೆ ಎತ್ತದೆ ಕೇಳಿದಳು. "ಶಾರೀ, ಬೆವರ ಆರೂದು ಬ್ಯಾರೆ, ಬೆವರ ನಿಂದರೂದು ಬ್ಯಾರೆ, ಹೌದಿಲ್ಲೋ?"

"ಹೌದವ್ವಾ."

"ನಮ್ಮಣ್ಣನ ಹಣಿ ಒಣಗಿತ್ತು. ನನಗ ಛಲೋ ನೆನಪೈತಿ. ಮುಟ್ಟಿದ್ರ ಹಂಚ ಮುಟ್ಟಿದಾಂಗ ಇತ್ತು." ಮೊರದಿಂದ ಒಂದು ಕಲ್ಲು ಆರಿಸಿ ಎಸೆದಳು. "ಹಂಗಂದ್ರ ಅಂವ ನಾ ಕೊಟ್ಟ ನೀರಿಲೆ ಸತ್ತಿಲ್ಲೇನು?"

"ಇಲ್ಲವ್ವಾ. ನಿನ್ನ ನೀರಿಲೆ ಅಲ್ಲ. ಬಿಸಲ ಬಡದಿತ್ತು ಅವಂಗ."

ಅವ್ವ ಮೊರ ಪಕ್ಕಕ್ಕಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಲವತ್ತು ವರ್ಷ ಅಳದೆ ಇಟ್ಟುಕೊಂಡಿದ್ದನ್ನು ಒಂದೇ ಸಲ ಅತ್ತಳು. ಅತ್ತು ಮುಗಿದ ಮೇಲೆ ಎದ್ದು, ಕಣ್ಣೀರು ಬೆವರು ಎಲ್ಲ ಹಾಗೇ ಇರುವಾಗಲೇ ಹರವಿಯಿಂದ ಒಂದು ತಂಬಿಗೆ ನೀರು ತೆಗೆದು ಗಟಗಟ ಕುಡಿದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ನೋಡತಿ ಏನು? ನೀ ಅದೀಯಲ್ಲ" ಎಂದಳು.

ನಾನು ಇಂಡಿಯ ಕಡೆಯ ನನ್ನ ಹಳ್ಳಿಗೆ ವಾಪಸಾದೆ. ಒಂದು ವಾರ ಪತ್ರವಿಲ್ಲ, ಎರಡು ವಾರ ಪತ್ರವಿಲ್ಲ. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಕೈಲಿದ್ದ ಸೂಜಿ ಹಾಗೇ ನಿಲ್ಲುತ್ತಿತ್ತು. ಹಾಗೆಂದು ಕೆಲಸವೇನೂ ನಿಂತಿರಲಿಲ್ಲ. ದಿನಕ್ಕೆ ಇಬ್ಬರು ಮೂವರು ಬಿಸಿಲು ಬಡಿದವರು ಬರುತ್ತಿದ್ದರು. ಹಣೆ ಮುಟ್ಟಿ ನೋಡುವುದು, ಮೈ ತೋಯಿಸುವುದು, ಬೀಸುವುದು, ಗುಟುಕು ನೀರು. ಹೋಗಲಿ ಬಿಡು, ನಾಲ್ಕನೆಯದೂ ಹೋಯಿತು ಎಂದು ಅಂದುಕೊಳ್ಳುತ್ತಿದ್ದೆ. ಅಂದುಕೊಂಡಷ್ಟು ಸುಲಭಕ್ಕೆ ಮನಸ್ಸು ಬಿಡುತ್ತಿರಲಿಲ್ಲ.

ನಾವು ಮಿರಗ ಅನ್ನುವ ಮೃಗಶಿರಾ ಮಳೆಗೆ ಇನ್ನು ನಾಲ್ಕೈದು ದಿನವಿರುವಾಗ, ಒಂದು ಬೆಳಿಗ್ಗೆ ಎಂಟು ಗಂಟೆಗೇ ಹತ್ತು ಹನ್ನೆರಡು ಹೆಂಗಸರು ಸಬ್ ಸೆಂಟರಿನ ಮುಂದೆ ಸಾಲಾಗಿ ಕೂತಿದ್ದರು. ಸಾಲಿನ ಕೊನೆಯಲ್ಲಿ ಒಬ್ಬ ಗಂಡಸು. ಬಿಳಿ ಧೋತರ, ತೆಳು ಬಿಳಿ ಅಂಗಿ, ತಲೆಗೊಂದು ಒದ್ದೆ ಟವೆಲು. ಮಲ್ಲಪ್ಪನವರು. ಒಳಗೆ ಬನ್ನಿ ಎಂದರೆ ಬರಲಿಲ್ಲ. "ನನ್ನ ಪಾಳಿ ಬರಲಿ" ಎಂದು ಕೂತೇ ಇದ್ದರು. ಪಾಳಿ ಬಂದಾಗ ನಾನು ಅಭ್ಯಾಸಬಲದಿಂದ ನಾಡಿ ಹಿಡಿದೆ.

"ಅರಾಮ ಅದೇನಿ" ಎಂದು ಕೈ ಬಿಡಿಸಿಕೊಂಡು, ಅಂಗಿಯ ಒಳಜೇಬಿನಿಂದ ಮಡಚಿದ ಒಂದು ಕಾಗದ ತೆಗೆದರು. "ನಮ್ಮೂರಾಗೂ ನಿಮ್ಮ ಸಬ್ ಸೆಂಟರ ಐತಿ. ಮೂರ ವರ್ಷ ಆತು, ನರ್ಸಬಾಯಿ ಇಲ್ಲ, ಕೀಲಿ ಬಿದ್ದೈತಿ. ಮನಿಗೆ ಹೋದಕೂಡ್ಲೆ ನಮ್ಮಕ್ಕ ಏನಂದ್ಲು ಗೊತ್ತೇನು? ಆ ಹುಡುಗಿ ಬಂದು ಮನ್ಯಾಗ ಕುಂಡರೂದಾದ್ರ ಬ್ಯಾಡ. ಆ ಕೀಲಿ ತಗಿಯೂದಾದ್ರ ಕರಕೊಂಡ ಬಾ ಅಂದ್ಲು. ಅದಕ ಇದನ್ನ ಬರಸೇನಿ. ಸಹಿ ಮಾಡು."

ಬಿಡಿಸಿ ನೋಡಿದೆ. ವರ್ಗಾವಣೆಗೆ ಅರ್ಜಿ. ಮಾಸ್ತರನ ದುಂಡಗಿನ ಅಕ್ಷರ. ನನ್ನ ಹೆಸರು, ಈಗಿನ ಊರು, ಹೋಗಬೇಕಾದ ಊರು, ಎಲ್ಲ ತಿದ್ದಿ ಬರೆದಿತ್ತು. ವರ್ಗಾವಣೆಗೆ ಕಾರಣ ಎನ್ನುವ ಕಡೆ ಮಾತ್ರ ಒಂದು ಸಾಲು ಖಾಲಿ.

"ಇದನ್ನ ಯಾಕ ಬಿಟ್ಟಾರ್ರಿ?" ಎಂದು ಕೇಳಿದೆ.

"ಅದನ್ನ ಆಕಿನ ಬರೀಬೇಕು, ನಾ ಬರಿಯೂದಲ್ಲ ಅಂದ. ಮನಸಿಲ್ಲಂದ್ರ ಹಂಗ ಖಾಲಿ ಕಾಗದ ವಾಪಸ್ ತಗೊಂಡ ಬಾ, ಒಂದ ಮಾತ ಕೇಳಬ್ಯಾಡ ಅಂದಾನ."

ಲಸಿಕೆಯ ಪಟ್ಟಿ ಬರೆಯುವ ಪೆನ್ನು ಕೈಯಲ್ಲೇ ಇತ್ತು. ಬರೆದೆ. ಒಂದೇ ಪದ. ಕೆಳಗೆ ಸಹಿ ಹಾಕಿ, ಶಾಯಿ ಆರಲಿ ಎಂದು ಊದಿ, ಅವರ ಕೈಗೆ ಕೊಟ್ಟೆ. ಅವರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಮತ್ತೆ ನನಗೇ ಚಾಚಿದರು. "ನನಗ ಓದಾಕ ಬರೂದಿಲ್ಲ ತಂಗಿ. ಏನ ಬರದಿ, ಓದಿ ಹೇಳು."

ಔಷಧಿ ತೆಗೆದುಕೊಂಡ ಹೆಂಗಸರು ಒಬ್ಬರೂ ಮನೆಗೆ ಹೋಗಿರಲಿಲ್ಲ. ಎಲ್ಲರೂ ಬಾಗಿಲಲ್ಲಿ ತಲೆ ತೂರಿಸಿ ನಿಂತಿದ್ದರು. ಈ ಮನುಷ್ಯನ ರುಮಾಲು ಕಿತ್ತೊಗೆದಾಗ ನನಗೆ ನಾಚಿಕೆಯಾಗಿರಲಿಲ್ಲ. ಕೋಟಿನ ಗುಂಡಿ ಹರಿದಾಗ ಆಗಿರಲಿಲ್ಲ. ಈಗ ಆಯಿತು. ಎರಡು ಸಲ ಕೆಮ್ಮಿ, ನೆಲ ನೋಡುತ್ತ, "ಮದಿವಿ" ಎಂದೆ.

"ಏನು?" ಎಂದರು ಅವರು, ಕಿವಿಗೆ ಕೈ ಹಚ್ಚಿ. "ಗಟ್ಟಿ ಹೇಳು. ನಮ್ಮಕ್ಕಗ ಹೋಗಿ ಬರೋಬ್ಬರಿ ಹೇಳಬೇಕು."

ನಾನು ತಲೆ ಎತ್ತಿ, ಹೊರಗಿನ ಕಟ್ಟೆಯವರೆಗೂ ಕೇಳುವಂತೆ, ಇನ್ನೊಮ್ಮೆ ಹೇಳಿದೆ.